ಬಾಡಿಗಿ ಸಿಪಾಯಿಗಳ ಪಗಾರ

ನಮ್ಮ ಮಾವನವರು ದೇವದುರ್ಗದಲ್ಲಿ ಸಂಬಂಧಿಕರ ಮದುವೆಗೆಂದು ಹೋದವರು ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ರಾಯಚೂರಿನ ಆಸ್ಪತ್ರೆಯಲ್ಲಿ ರಾಡು ಹಾಕಿದ ಡಾಕ್ಟರು, ವಾರವಾರ ಬಂದು ತೋರಿಸಬೇಕು, ಮಾನ್ವಿಯಿಂದ ಓಡಾಡುವುದು ಬೇಡ ಎಂದುಬಿಟ್ಟರು. ಮಾನ್ವಿಯ ಮನೆಯಲ್ಲಿ ಹಿರಿಯ ಸೊಸೆಯ ಬಾಣಂತನ ನಡೆದಿತ್ತು. ಅತ್ತೆಯವರು ಅದನ್ನು ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ನಡುಬೇಸಿಗೆಯಲ್ಲಿ ಮಾವನವರು ಒಬ್ಬರೇ ರಾಯಚೂರಿನ ನಮ್ಮ ಬಾಡಿಗೆ ಮನೆಗೆ ಬಂದರು.

ನಾನು ರಾಯಚೂರಿನ ಒಂದು ಪಿಯು ಕಾಲೇಜಿನಲ್ಲಿ ವಾಣಿಜ್ಯ ಹೇಳಿಕೊಡುತ್ತೇನೆ. ಆಗ ರಜೆ. ನನ್ನ ಗಂಡನ ಕೆಲಸ ದೇವದುರ್ಗದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಕಲ್ಮಲ, ಗಬ್ಬೂರು ದಾಟಿ ಹೋದರೆ ತಿರುಗಿ ಬರುವುದು ಸಂಜೆ ದೀಪ ಹಚ್ಚಿದ ಮೇಲೆ. ಅಂದರೆ ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಮಾವನವರು, ಇಬ್ಬರೇ.

ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನ್ನ ಜೊತೆ ನೇರವಾಗಿ ಮಾತಾಡಿದ್ದು ಕಡಿಮೆ. ಮಾನ್ವಿಗೆ ಹೋದಾಗ ನಾನು ಎದುರಿಗೇ ನಿಂತಿದ್ದರೂ ಮಗನ ಕಡೆ ತಿರುಗಿ, "ಚಾ ಆಗ್ಯದೇನು ಕೇಳು," ಅನ್ನುತ್ತಿದ್ದರು. ಸಿಡುಕಿನ ಮನುಷ್ಯ ಎನ್ನುವಂತಿರಲಿಲ್ಲ. ಅಕ್ಕಿ ಗಿರಣಿ ನಡೆಸಿದವರು. ಹಣೆಗೆ ವಿಭೂತಿ ಹಚ್ಚಿ ಬೆಳಿಗ್ಗೆ ಗಿರಣಿಗೆ ಹೋದರೆ ಧೂಳು ಮೆತ್ತಿಕೊಂಡು ಬರುತ್ತಿದ್ದರು, ಉಂಡು ಮಲಗುತ್ತಿದ್ದರು. ನಾನು ಪಟ್ಟಣದ ಹುಡುಗಿ, ಸಂಬಳ ತರುವವಳು ಎಂಬುದು ಅವರಿಗೆ ಹಿಡಿಸಿಲ್ಲ ಎಂದು ನಾನೇ ಅಂದುಕೊಂಡಿದ್ದೆ.

ಮನೆಯಲ್ಲಿ ಕೂಲರ್ ಇದ್ದದ್ದು ಪಡಸಾಲೆಯಲ್ಲಿ ಮಾತ್ರ. ಅವರ ಮಂಚವನ್ನು ಅಲ್ಲೇ ಹಾಕಿದೆವು. ನನ್ನ ಕಂಪ್ಯೂಟರ್ ಇದ್ದದ್ದೂ ಅಲ್ಲೇ. ಮೊದಲ ಕೆಲವು ದಿನ ಅದರ ಮೇಲೆ ಬಟ್ಟೆ ಮುಚ್ಚಿಟ್ಟೆ. ಸೊಸೆ ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುತ್ತಾಳೆಂದು ಯಾವ ಬಾಯಲ್ಲಿ ಹೇಳುವುದು?

ಕಲಬುರಗಿಯಲ್ಲಿ ಎಂ.ಕಾಂ. ಓದುವಾಗ ಹಾಸ್ಟೆಲ್ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಹತ್ತಿದ ಚಟ ಅದು. ಒಂದು ದ್ವೀಪದ ದೇಶ. ಅದನ್ನು ಒಬ್ಬ ಜನರಲ್ ಕಸಿದುಕೊಂಡಿದ್ದಾನೆ. ಓಡಿಬಂದ ಹಿರಿಯರು ನಮ್ಮ ಕೈಗೆ ಒಂದಿಷ್ಟು ರೊಕ್ಕ ಕೊಟ್ಟು, ಊರುಗಳನ್ನು ಬಿಡಿಸಿಕೊಡಿ ಅನ್ನುತ್ತಾರೆ. ಆ ರೊಕ್ಕದಲ್ಲಿ ಬಾಡಿಗೆ ಸಿಪಾಯಿಗಳನ್ನು ಹಿಡಿಯಬೇಕು. ಒಬ್ಬೊಬ್ಬನಿಗೆ ಒಂದೊಂದು ಪಗಾರ. ಬಂದೂಕು, ಗುಂಡು, ಔಷಧ ಎಲ್ಲಕ್ಕೂ ಬೆಲೆ. ಗಣಿಯ ಊರು ಗೆದ್ದರೆ ಗಣಿಯ ಆದಾಯ, ಬಂದರು ಗೆದ್ದರೆ ಸುಂಕ. ಗೆದ್ದ ಊರಿಗೆ ಕಾವಲು ಹಾಕದಿದ್ದರೆ ಶತ್ರು ಬಂದು ಮತ್ತೆ ಕಿತ್ತುಕೊಳ್ಳುತ್ತಾನೆ. ಕಾವಲು ಹಾಕಬೇಕೆಂದರೆ ಅದಕ್ಕೂ ರೊಕ್ಕ. ಪಗಾರ ತಪ್ಪಿದರೆ ಸಿಪಾಯಿ ಗಂಟು ಕಟ್ಟಿಕೊಂಡು ಹೊರಟುಬಿಡುತ್ತಾನೆ.

ಗುಂಡು ಹಾರಿಸುವುದರಲ್ಲಿ ನನಗೆ ಅಂಥ ಆಸಕ್ತಿ ಇರಲಿಲ್ಲ. ನನ್ನನ್ನು ಹಿಡಿದಿಟ್ಟದ್ದು ಖರ್ಚು ಮಾಡುವ ಸುಖ. ನನ್ನ ನಿಜವಾದ ಸಂಬಳ ಬಂದ ದಿನವೇ ಸೈಟಿನ ಸಾಲಕ್ಕೆ, ಮಾನ್ವಿಯ ಮನೆಗೆ, ಬಾಡಿಗೆಗೆ ಹರಿದು ಹೋಗುತ್ತಿತ್ತು. ಎಲ್ಲಿಗೆ ಎಷ್ಟು ಎಂದು ಗಂಡ ಹಾಕಿದ ಹಾದಿಯಲ್ಲಿ ಅದು ಹೋಗುತ್ತಿತ್ತು. ನನಗೇನಾದರೂ ಬೇಕೆಂದು ಕೇಳಿದರೆ ಇಲ್ಲ ಅನ್ನುವ ಮನುಷ್ಯನಲ್ಲ ಅವರು. ಆದರೆ ಕೇಳಬೇಕಿತ್ತು. ಆ ದ್ವೀಪದಲ್ಲಿ ನಾನು ಯಾರನ್ನೂ ಕೇಳುತ್ತಿರಲಿಲ್ಲ. ಒಳ್ಳೆಯ ಬಂದೂಕು ಕಂಡರೆ ಕೊಳ್ಳುತ್ತಿದ್ದೆ. ತಪ್ಪಿದರೆ ನನ್ನ ತಪ್ಪು, ಗೆದ್ದರೆ ನನ್ನ ಗೆಲುವು.

ಒಂದು ಮಧ್ಯಾಹ್ನ ಮಾವನವರು ಮಜ್ಜಿಗೆ ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಹತ್ತಿದೆ ಎಂದು ಬಟ್ಟೆ ಸರಿಸಿ, ಸದ್ದು ಪೂರ್ತಿ ಇಳಿಸಿ ಆಟ ಸುರು ಮಾಡಿದೆ. ಸ್ವಲ್ಪ ಹೊತ್ತಾಗಿರಬೇಕು. ಹಿಂದಿನಿಂದ ದನಿ ಬಂತು.

"ಆ ಟೊಪ್ಪಿಗಿಯವ ಯಾಕ ಸುಮ್ಮನ ನಿಂತಾನ?"

ತಿರುಗಿ ನೋಡಿದರೆ ಅವರು ದಿಂಬಿಗೆ ಮೊಣಕೈ ಊರಿ ಪರದೆಯನ್ನೇ ನೋಡುತ್ತಿದ್ದರು.

"ಒಬ್ಬೊಬ್ಬರಿಗೆ ಒಂದು ಸರತಿಗೆ ಇಷ್ಟೇ ನಡೀಬೇಕಂತ ಇರ್ತದ್ರಿ ಮಾವಾರ. ಅವನ ಸರತಿ ಮುಗದದ."

"ಕೂಲಿ ದಿನದ್ದೋ, ಗುತ್ತಿಗಿದ್ದೋ?"

ಈ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ. "ಎರಡೂ ಅದಾವ್ರಿ. ವಾರಕ್ಕ ಹಿಡಿದ್ರ ದಿನದ್ದಕ್ಕಿಂತ ಸೋವಿ, ಕಡಿಮಿ ಬೀಳ್ತದ."

"ಸೋವಿ ಆಗಲೇಬೇಕಲ್ಲ," ಎಂದು ಅವರು ಮತ್ತೆ ಅಂಗಾತ ಮಲಗಿದರು. ಅಷ್ಟೇ. ಆದರೆ ಅವರು ನನ್ನನ್ನೇ, ನಡುವೆ ಯಾರೂ ಇಲ್ಲದೆ, ಏನನ್ನಾದರೂ ಕೇಳಿದ ಮೊದಲ ಸಲ ಅದು.

ಮರುದಿನ ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. "ಯವ್ವಾ, ನಿನ್ನ ಫೌಜು ಇವತ್ತು ಸೂಟಿ ಮಾಡ್ಯದೇನು?" ಅಂತ ಪಡಸಾಲೆಯಿಂದ ಕೇಳಿದರು. ಮಂಚವನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದೆ. ಅವತ್ತಿನಿಂದ ಅದು ಇಬ್ಬರ ಆಟವಾಯಿತು.

ಗುಂಡಿನ ಚಕಮಕಿ ನಡೆಯುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದು ಮುಗಿದು ರೊಕ್ಕದ ಪುಟ ತೆರೆದ ಕೂಡಲೇ ಎಚ್ಚರಾಗುತ್ತಿದ್ದರು. ಯಾರ ಗುತ್ತಿಗೆ ಯಾವಾಗ ಮುಗಿಯುತ್ತದೆ, ಗಣಿಯಿಂದ ಏನು ಬಂತು, ಔಷಧಕ್ಕೆ ಏನು ಹೋಯಿತು, ಎಲ್ಲ ಬೇಕು. ಬೆಳ್ಳಿಯ ಗಣಿ ಕೈಗೆ ಬಂದ ದಿನ ಅವರು ಹಟ್ಟಿಯ ಚಿನ್ನದ ಗಣಿ ನೋಡಲು ಚಿಕ್ಕವರಿದ್ದಾಗ ಹೋದದ್ದನ್ನು ಹೇಳಿದರು. ಒಳಗೆ ಬಿಡಲಿಲ್ಲವಂತೆ, ಗೇಟಿನ ಹೊರಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಂದರಂತೆ.

ನಮ್ಮ ಮೊದಲ ಜಗಳ ಒಬ್ಬ ಸಿಪಾಯಿ ಸತ್ತಾಗ ಬಂತು. ಈ ಆಟದಲ್ಲಿ ಸತ್ತವನ ಬಂದೂಕು, ಬೂಟು, ಅಂಗಿ ಎಲ್ಲ ಬಿಚ್ಚಿ ಮಾರುವುದು ರೂಢಿ. ನಾನು ಅದನ್ನೇ ಮಾಡಲು ಹೊರಟೆ.

"ಏನು ಮಾಡಾಕತ್ತಿ?"

"ಇವನ ಸಾಮಾನು ಮಾರಾಕತ್ತೀನ್ರಿ. ಮುಂದಿನ ವಾರದ ಪಗಾರಕ್ಕ ಆಗ್ತದ."

"ಬ್ಯಾಡ. ಸತ್ತವನ ಅಂಗಿ ಮಾರಿ ಇದ್ದವನಿಗೆ ಕೂಲಿ ಕೊಡತಾರೇನು?"

ಇದು ಆಟ, ಅವನಿಗೆ ಹೆಂಡತಿ ಮಕ್ಕಳಿಲ್ಲ ಎಂದೆ. ಅವರು ವಾದಿಸಲಿಲ್ಲ, ಮುಖ ತಿರುಗಿಸಿದರು. ನಾನು ಸಾಮಾನನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮುಂದೆ ಹೋದೆ. ಆಟದಲ್ಲಿ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಎರಡನೆಯ ಜಗಳ ಒಬ್ಬ ಮುದುಕನ ಸಲುವಾಗಿ. ನನ್ನ ಹತ್ತಿರ ಬಿಳಿ ಮೀಸೆಯ ಸಿಪಾಯಿಯೊಬ್ಬನಿದ್ದ. ಅಗ್ಗದವ. ಕಣ್ಣು ಮಂದ, ಓಡಲಾರ. ಆದರೆ ಊರ ಮಂದಿಗೆ ಕಾವಲಿನ ಕೆಲಸ ಕಲಿಸುವುದರಲ್ಲಿ ಕುಶಲಿ. ಅವನ ಗುತ್ತಿಗೆ ಮುಗಿಯುವ ದಿನ ಬಂತು. ಅವನನ್ನು ಕಳಿಸಿ, ದೂರದಿಂದ ಗುರಿಯಿಟ್ಟು ಹೊಡೆಯುವ ಒಬ್ಬ ಹೆಣ್ಣುಮಗಳನ್ನು ಹಿಡಿಯಬೇಕೆಂದು ನನ್ನ ಆಸೆ. ಅವಳ ಪಗಾರ ಬಹಳ.

"ಆಕಿ ಒಬ್ಬಾಕಿ ಪಗಾರದಾಗ ಇಂಥಾ ನಾಕು ಮಂದಿ ಬರ್ತಾರ," ಅಂದರು ಮಾವನವರು.

"ನಾಕು ಮಂದಿ ಕೂಡಿ ಹೊಡಿಯೋದನ್ನ ಆಕಿ ಒಂದು ಗುಂಡಿನಾಗ ಹೊಡಿತಾಳ್ರಿ."

"ಹೊಡೀಲಿ. ಕೆಲಸ ಕಲ್ತವನ್ನ ಸುಗ್ಗಿ ನಡುವ ಬಿಡಿಸಬಾರದು ಬೇ. ಅವನ್ನ ಇಟ್ಕೊ. ಊರಾಗಿನ ಮಂದಿಗೆಲ್ಲ ಕಲಿಸ್ಲಿ. ನಾಳೆ ಯಾರೂ ಬರದಿದ್ರ ಊರವರೇ ಕಾಯ್ತಾರ."

ನಾನು ಇಬ್ಬರನ್ನೂ ಇಟ್ಟುಕೊಂಡೆ. ಅವರ ಮಾತಿಗೆ ಮುದುಕ, ನನ್ನ ಆಸೆಗೆ ಗುರಿಕಾರ್ತಿ. ಇಬ್ಬರಿಗೂ ಬೇಜಾರಾಗದಂಥ ಈ ತೀರ್ಮಾನವೇ ಕೊನೆಗೆ ನಮ್ಮನ್ನು ಮುಳುಗಿಸಿತು. ತರಗತಿಯಲ್ಲಿ ದುಡಿಯುವ ಬಂಡವಾಳದ ಪಾಠ ಮಾಡುವವಳು ನಾನು. ಆದರೂ ಆ ಮಧ್ಯಾಹ್ನಗಳಲ್ಲಿ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಮೂರು ಊರುಗಳಿಗೆ ಕಾವಲು ಹಾಕಿದೆವು. ಮುದುಕನಿಗೆ ಒಳ್ಳೆಯ ಬಂದೂಕು ಬೇಕೆಂದರು, ಕೊಂಡೆ. ಯಾರನ್ನೂ ಕೆಲಸದಿಂದ ಬಿಡಿಸಲಿಲ್ಲ. ಅವರು ನನ್ನ ಜೊತೆ ಮಾತಾಡುತ್ತಿದ್ದಾರೆ ಎಂಬ ಸಂತೋಷ ನನಗೆ ಆ ದ್ವೀಪದ ರೊಕ್ಕಕ್ಕಿಂತ ದೊಡ್ಡದಾಗಿತ್ತು ಅಂತ ಕಾಣುತ್ತದೆ.

ಆಮೇಲೆ ಬೆಳ್ಳಿಯ ಗಣಿ ಬತ್ತಿತು. ಆಟದ ನಡುವೆ ಗಣಿಯ ಮೇಸ್ತ್ರಿ ಬಂದು, ಇನ್ನು ಒಳಗೆ ಏನೂ ಉಳಿದಿಲ್ಲ ಎಂದು ಹೇಳುತ್ತಾನೆ. ಬಂದರಿನ ಸುಂಕವೊಂದರಲ್ಲೇ ಅಷ್ಟು ಮಂದಿಯನ್ನು ಸಾಕುವುದು ಆಗದ ಮಾತು. ಮೊದಲು ಗುರಿಕಾರ್ತಿ ಹೋದಳು. ನಂತರ ಗಾಯಾಳುಗಳಿಗೆ ಮದ್ದು ಮಾಡುತ್ತಿದ್ದ ವೈದ್ಯೆ ಹೋದಳು. ಒಬ್ಬೊಬ್ಬರೂ ಒಂದೊಂದು ಮಾತು ಹೇಳಿ ಹೋಗುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಮಾವನವರು ಎದ್ದು ಕೂತಿದ್ದರು.

"ಮುದುಕ?"

"ಅವನೂ ಹೋದ್ರಿ."

"ಬಂದೂಕು?"

"ಕೈಯಾಗ ಇದ್ದದ್ದು ಅವರ ಕೂಡನೇ ಹೋಗ್ತದ್ರಿ."

ಬಂದರಿನ ಊರಿನ ಮೇಲೆ ಶತ್ರು ಬಿದ್ದ. ಮುದುಕ ತಯಾರು ಮಾಡಿದ ಕಾವಲಿನವರು ಒಂದಿಷ್ಟು ಹೊತ್ತು ತಡೆದರು. ನಂತರ ಊರು ಹೋಯಿತು, ಆಟವೂ ಹೋಯಿತು.

ಎರಡು ದಿನ ಅವರು ಪರದೆಯ ಕಡೆ ನೋಡಲಿಲ್ಲ. ಚಹಾ ಕೊಟ್ಟರೆ ಕುಡಿದರು, ಕಾಲಿನ ವ್ಯಾಯಾಮ ಮಾಡಿಸಲು ಬಂದವನ ಮಾತು ಕೇಳಿದರು, ಮಲಗಿದರು. ಎಲ್ಲ ಮೊದಲಿನ ಹಾಗೇ ಆಯಿತು ಎಂದು ನನಗೆ ಕೆಡುಕೆನಿಸಿತು. ಮೂರನೆಯ ದಿನ ಕರೆಂಟು ಹೋಗಿ ಕೂಲರ್ ನಿಂತಿತು. ನಾನು ಅವರಿಗೆ ಬೀಸಣಿಗೆ ಕೊಟ್ಟು, ಬಾಗಿಲ ಹತ್ತಿರ ಗಾಳಿಗೆ ಕೂತೆ. ಅವರು ತಾವಾಗಿಯೇ ಬಾಯಿ ಬಿಟ್ಟರು.

"ಆ ಮುದುಕ ಹೋದದ್ದು ಬರೋಬ್ಬರಿ ಅದ ಯವ್ವಾ. ಪಗಾರ ಇಲ್ಲಂದ ಮ್ಯಾಲೆ ನಿಲ್ಲಬೇಕಂದ್ರ ಹ್ಯಾಂಗ?"

ಆಮೇಲೆ ಗಿರಣಿಯ ಕಥೆ ಹೇಳಿದರು. ಹಿಂದೊಮ್ಮೆ ನೆಲ್ಲು ಕುದಿಸುವ ಬಾಯ್ಲರ್ ಕೆಟ್ಟು ಗಿರಣಿ ತಿಂಗಳುಗಟ್ಟಲೆ ನಿಂತಿತಂತೆ. ಹಮಾಲರು ಸಿಂಧನೂರಿನ ಗಿರಣಿಗಳಿಗೆ ಹೋದರು. ಅದು ಸಹಜ. ಆದರೆ ಮಷೀನು ನಡೆಸುವವ ಹೋಗದಿರಲಿ ಎಂದು ಗಿರಣಿ ನಿಂತಷ್ಟು ಕಾಲವೂ ಅವನಿಗೆ ಪಗಾರ ಕೊಟ್ಟರು. ಹಬ್ಬಕ್ಕೆ ಮನೆಗೆ ಕರೆದು ಜೊತೆಗೆ ಕೂರಿಸಿಕೊಂಡು ಉಂಡರು. ಬಾಯ್ಲರ್ ರಿಪೇರಿಯಾಗಿ ಗಿರಣಿ ಸುರುವಾಗುವ ಹೊತ್ತಿಗೆ ಅವನು ಹೆಚ್ಚಿನ ಪಗಾರಕ್ಕೆ ಬೇರೆ ಕಡೆ ಹೋದ. ಹೋಗುತ್ತೇನೆ ಅಂತ ಬಂದು ಹೇಳಲಿಲ್ಲ.

"ಸಿಟ್ಟು ಬರಲಿಲ್ಲ ನನಗ," ಅಂದರು ಮಾವನವರು. "ಅವಂದೂ ಸಂಸಾರ ಅದ. ಆದ್ರ ಅವತ್ತಿನಿಂದ ಯಾರ ಕೂಡನೂ ಹಚ್ಚಿಕೊಂಡು ಮಾತಾಡೋದು ಬಿಟ್ಟುಬಿಟ್ಟೆ. ಬರ್ರಿ, ಕೂಡ್ರಿ ಅನ್ನೋದೂ ಕಡಿಮಿ ಆತು. ನಿನ್ನ ಮದುವಿ ಆದದ್ದು ಅದರ ಮರುವರ್ಷ."

ಕೊನೆಯ ಮಾತನ್ನು ಅವರು ನನ್ನ ಕಡೆ ನೋಡದೆ, ಬೀಸಣಿಗೆಯ ಅಂಚು ಸರಿಮಾಡುತ್ತಾ ಹೇಳಿದರು. ಇಷ್ಟು ವರ್ಷ ನಾನು ಆ ಮೌನವನ್ನು ನನ್ನ ಮೇಲೆ ಹೊದ್ದುಕೊಂಡಿದ್ದೆ. ನನ್ನ ಊರು, ನನ್ನ ಸಂಬಳ, ನನ್ನ ಅಡುಗೆ, ನನ್ನ ನಡಿಗೆ ಇವುಗಳಲ್ಲಿ ಯಾವುದು ಸರಿ ಬರಲಿಲ್ಲ ಎಂದು ಮಾನ್ವಿಯಿಂದ ತಿರುಗಿ ಬರುವಾಗಲೆಲ್ಲ ಬಸ್ಸಿನಲ್ಲಿ ಕೂತು ಯೋಚಿಸಿದ್ದೆ. ಆ ಮೌನ ನಾನು ಆ ಮನೆಯ ಹೊಸ್ತಿಲು ದಾಟುವ ಮೊದಲೇ ಅಲ್ಲಿ ಬಂದು ಕೂತಿತ್ತು.

ಕರೆಂಟು ಬಂದ ಮೇಲೆ ಅವರೇ ಅಂದರು. "ಮತ್ತ ಸುರು ಮಾಡು. ಈ ಸಲ ನಿನಗ ತಿಳಿದಂಗ ನಡಸು. ನಾನು ನಡುವ ಬಾಯಿ ಹಾಕಂಗಿಲ್ಲ."

ಬಾಯಿ ಹಾಕದೆ ಇರಲು ಅವರಿಂದ ಆಗಲಿಲ್ಲ ಬಿಡಿ. ಆದರೆ ಹೇಳಿದ ಮೇಲೆ ಹಟ ಹಿಡಿಯುತ್ತಿರಲಿಲ್ಲ. ನಾನು ಕಡಿಮೆ ಮಂದಿಯನ್ನು ಇಟ್ಟುಕೊಂಡೆ. ಮುಂದಿನ ಎರಡು ವಾರದ ಪಗಾರ ಪಕ್ಕಕ್ಕಿಡದೆ ಹೊಸ ಬಂದೂಕು ಕೊಳ್ಳಲಿಲ್ಲ. ಗಣಿ ಇರುವಾಗಲೇ ಬಂದರನ್ನು ಭದ್ರ ಮಾಡಿದೆ. ಮುದುಕನನ್ನು ಊರವರಿಗೆ ಕಲಿಸುವಷ್ಟು ದಿನ ಮಾತ್ರ ಹಿಡಿದು, ಕೆಲಸ ಮುಗಿದ ಮೇಲೆ ಕಳಿಸಿದೆ. ಅವತ್ತು ಮಾವನವರು, "ಲೆಕ್ಕ ಚುಕ್ತಾ ಮಾಡಿದೀ ಇಲ್ಲೋ?" ಎಂದು ಮಾತ್ರ ಕೇಳಿದರು. ಒಬ್ಬ ಸಿಪಾಯಿ ಸತ್ತಾಗ ನಾನು ಅವರ ಕಡೆ ನೋಡಿದೆ. ಅವರು ಗೋಡೆಯ ಕಡೆ ಹೊರಳಿ, "ಮಾರು," ಅಂದರು. ನನಗೆ ಕೈ ಬರಲಿಲ್ಲ. ಆದರೂ ಮಾರಿದೆ.

ಹೀಗೆ ನಡೆಸುವಾಗ ಅವರೊಮ್ಮೆ ಹೇಳಿದ್ದು ನನಗೆ ಈಗಲೂ ನೆನಪಿದೆ. "ನಿನ್ನ ಫೌಜು ಬಾಳ ಸಲೀಸು ನೋಡು. ಒಬ್ಬನೂ ಮುಂಗಡ ಕೇಳಂಗಿಲ್ಲ. ಮಗಳ ಮದುವಿ ಅದ, ಕೂಸಿಗೆ ಜ್ವರ ಬಂದದ ಅಂತ ಬಾಗಲಕ್ಕ ಬಂದು ನಿಲ್ಲಂಗಿಲ್ಲ. ಹಿಂಗಿದ್ರ ನಾನೂ ಗಿರಣಿ ಇನ್ನೂ ಚಂದ ನಡಸ್ತಿದ್ದೆ." ಕಾಲು ಸರಿಸಿಕೊಳ್ಳುತ್ತಾ, "ನಡಸ್ತಿದ್ದೆ, ಆದ್ರ ಬ್ಯಾಸರ ಬರ್ತಿತ್ತು," ಎಂದು ಸೇರಿಸಿದರು.

ಮಳೆಯ ಮೊದಲ ಮೋಡಗಳು ಬರುವ ಹೊತ್ತಿಗೆ ನಾವು ಜನರಲ್‌ನನ್ನು ಓಡಿಸಿದೆವು. ಪರದೆಯ ಮೇಲೆ ಬಾವುಟ, ಕುಣಿಯುವ ಮಂದಿ. ಮಾವನವರು ಕೋಲು ಹಿಡಿದು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಆಗ ನಾಲ್ಕು ಹೆಜ್ಜೆ ನಡೆಯುವಷ್ಟಾಗಿದ್ದರು.

"ಈಗ ಈ ಸಿಪಾಯಿಗಳು ಎಲ್ಲಿಗೆ ಹೋಗ್ತಾರ?"

"ಆಟ ಮುಗೀತ್ರಿ ಮಾವಾರ."

"ಅಂದ್ರ ಕೆಲಸ ಹೋತು," ಎಂದು ಅವರು ನಿಧಾನಕ್ಕೆ ಮಂಚಕ್ಕೆ ತಿರುಗಿದರು.

ಅವರನ್ನು ಮಾನ್ವಿಗೆ ಬಿಡಲು ನಾನೂ ಗಂಡನೂ ಗೆಳೆಯರೊಬ್ಬರ ಕಾರು ತೆಗೆದುಕೊಂಡು ಹೋದೆವು. ಅವತ್ತು ಸಂಜೆ ಮನೆಯಲ್ಲಿ ಗಿರಣಿಯ ಮಾತು ಬಂತು. ಗಿರಣಿ ಈಗ ನಡೆಸುವವರು ನನ್ನ ಭಾವ. ಕಪ್ಪು ಕಾಳನ್ನು ತಾನೇ ಆರಿಸಿ ತೆಗೆಯುವ ಹೊಸ ಮಷೀನು ಇಲ್ಲದೆ ಅಕ್ಕಿಗೆ ದರ ಸಿಗುವುದಿಲ್ಲ, ಒಂದೋ ಇದ್ದದ್ದೆಲ್ಲ ಹಾಕಿ ಅದನ್ನು ತರಬೇಕು, ಇಲ್ಲವೇ ಗಿರಣಿ ಕೆಡವಿ ಸೈಟು ಮಾಡಿ ಮಾರಬೇಕು ಎಂದರು. ನನ್ನ ಗಂಡ ಮಾರುವುದರ ಕಡೆ ಇದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ಮಾವನವರು ಇಬ್ಬರ ಮಾತನ್ನೂ ಕೇಳಿ ನನ್ನ ಕಡೆ ತಿರುಗಿದರು.

"ನೀ ಏನಂತಿ ಯವ್ವಾ?"

ಅತ್ತೆಯವರು ಬಂದು ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡರು.

"ಗಿರಣಿ ಹಿತ್ತಲಾಗ ನೆಲ್ಲು ಒಣಸೋ ಕಣ ಈಗ ಖಾಲಿನೇ ಬಿದ್ದದಲ್ರೀ," ಅಂದೆ. "ಅದಷ್ಟೇ ಮಾರಿದ್ರ ಆಗ್ತದೇನೋ. ಬಂದದ್ದರಾಗ ಮೊದಲು ಒಂದು ಸುಗ್ಗಿಗೆ ಆಗೋವಷ್ಟು ಪಗಾರ ತೆಗೆದಿಡ್ರಿ. ಉಳಿದದ್ದರಾಗ ಬಂದ್ರ ಮಷೀನು ತರ್ರಿ, ಇಲ್ಲಂದ್ರ ಹಳೇದು ಎಲ್ಲೆರ ಸಿಗ್ತದೇನು ನೋಡ್ರಿ."

ಭಾವ ನಕ್ಕರು. ಕೆಟ್ಟ ನಗುವಲ್ಲ. "ಅಪ್ಪ ಹೇಳ್ಯಾನ ನಿಮ್ಮ ಆಟದ್ದು. ಇದು ಆಟ ಅಲ್ಲವ್ವ."

"ಆಟ ಅಲ್ಲಂತ ಆಕಿಗೂ ಗೊತ್ತದ," ಎಂದರು ಮಾವನವರು. "ಹೇಳಿದ್ದು ತಪ್ಪಿದ್ರ ತಪ್ಪು ಅಂತ ಹೇಳು. ನಗಬ್ಯಾಡ."

ಅವತ್ತೇನೂ ತೀರ್ಮಾನವಾಗಲಿಲ್ಲ. ಮರುದಿನ ರಾಯಚೂರಿಗೆ ತಿರುಗುವಾಗ ಕಲ್ಲೂರಿನಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದೆವು. ರಸ್ತೆಯ ಎರಡೂ ಕಡೆ ಹೊಲಗಳಲ್ಲಿ ಬಿತ್ತನೆಗೆ ನೆಲ ಹದ ಮಾಡಿದ್ದರು. ನನ್ನ ಗಂಡ ಚಹಾದ ಲೋಟ ಹಿಡಿದು ಕೂತರು.

"ಅಪ್ಪ ನಿನ್ನ ಕೂಡ ಇಷ್ಟು ಮಾತಾಡ್ತಾನಂತ ನನಗ ಗೊತ್ತಿದ್ದಿಲ್ಲ," ಅಂದರು. ಲೋಟ ಕೆಳಗಿಟ್ಟು, "ನನ್ನ ಕೂಡ ಯಾವತ್ತೂ ಹಿಂಗ ಮಾತಾಡಿಲ್ಲ," ಅಂದರು.

ಬಾಯ್ಲರ್ ಕೆಟ್ಟ ವರ್ಷದ ಕಥೆ ಇವರಿಗೆ ಗೊತ್ತಿದೆಯೇ ಎಂದು ಕೇಳಿದೆ. ಬಾಯ್ಲರ್ ಕೆಟ್ಟದ್ದು ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಕಲ್ಲೂರಿನಿಂದ ರಾಯಚೂರು ಮುಟ್ಟುವವರೆಗೆ ಅದನ್ನು ನಿಧಾನವಾಗಿ ಹೇಳಿದೆ. ಹಿಂದೆ ಬಂದ ಗಾಡಿಗಳನ್ನೆಲ್ಲ ಮುಂದೆ ಬಿಡುತ್ತಾ ಅವರು ಕಾರು ನಡೆಸಿದರು.

ಗಿರಣಿ ಇನ್ನೂ ನಡೆದಿದೆ. ಕಣ ಮಾರಿದರು. ಪಗಾರ ತೆಗೆದಿಟ್ಟರೋ ಇಲ್ಲವೋ ನನಗೆ ತಿಳಿಯದು, ನಾನೂ ಕೇಳಲಿಲ್ಲ. ಮಷೀನು ಮಾತ್ರ ಭಾವ ಹೊಸದನ್ನೇ ತಂದರು. ಕಂತು ಇನ್ನೂ ಇದೆ. ನನ್ನ ಮಾತು ಸರಿಯಿತ್ತೋ ಅವರದ್ದು ಸರಿಯೋ ಅಂತ ಹೇಳಲು ಇನ್ನೂ ಎರಡು ಸುಗ್ಗಿ ಬೇಕು. ನನ್ನ ಗಂಡ ಈಗ ತಿಂಗಳಿಗೊಂದು ಸಲ ಒಬ್ಬರೇ ಮಾನ್ವಿಗೆ ಹೋಗುತ್ತಾರೆ. ಹೋಗಿ ಅಪ್ಪನ ಮುಂದೆ ಸುಮ್ಮನೆ ಕೂತು ಬರುತ್ತಾರಂತೆ. ಮೊನ್ನೆ ತಿರುಗಿ ಬಂದವರು ಚಪ್ಪಲಿ ಬಿಡುತ್ತಾ, "ಇವತ್ತು ಅಪ್ಪ ತಾನಾಗೇ ಬಾಯಿ ಬಿಟ್ಟ," ಅಂದರು. ಏನು ಮಾತಾಡಿದರು ಎಂದು ಕೇಳಿದೆ. ನೆಲ್ಲಿನ ದರ, ಊರ ಸುದ್ದಿ, ಕಾಲು ನೋವು ಅಂದರು. ಹೇಳುವಾಗ ಅವರ ಮುಖ ಹಗುರಾಗಿತ್ತು.